ಠಾಣೆಗೆ ಹೋಗಬೇಕಾ, ಸೀದಾ ಕೋರ್ಟಿಗಾ? ತಂಗಿಯ ವಿಷಯ, ತಿಳಿದವರು ಹೇಳಿ

ಹೊಳೆದಂಡೆ

ನನ್ನ ಚಿಕ್ಕಮ್ಮನ ಮಗಳ ವಿಷಯ. ಹೆಸರು, ಊರು ಬೇಡ. ಗಂಡ ಹೊಡೆಯುತ್ತಾನೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ಕುತ್ತಿಗೆ ಹಿಸುಕಿದ. ಅವಳು ಮಗುವನ್ನು ಎತ್ತಿಕೊಂಡು ಠಾಣೆಗೆ ಹೋದಳು.

ಠಾಣೆಯಲ್ಲಿ ಯಾರೂ ಬೈಯಲಿಲ್ಲ. ಕೂರಿಸಿದರು, ಮಗುವಿಗೆ ಬಿಸ್ಕೆಟ್ ತರಿಸಿದರು. ಆಮೇಲೆ ಗಂಡನನ್ನು ಕರೆಸಿ, 'ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ' ಅಂತ ಮುಚ್ಚಳಿಕೆ ಬರೆಸಿಕೊಂಡರು. ಅವಳ ಸಹಿಯನ್ನೂ ಹಾಕಿಸಿದರು. ಇಬ್ಬರನ್ನೂ ಒಂದೇ ಬೈಕಿನಲ್ಲಿ ಮನೆಗೆ ಕಳಿಸಿದರು. ಆ ರಾತ್ರಿ ಏನಾಯಿತು ಅಂತ ನಾನು ಬರೆಯಬೇಕಾಗಿಲ್ಲ.

ಈಗ ತವರಿನಲ್ಲಿದ್ದಾಳೆ, ಬೇರೆ ಜಿಲ್ಲೆ. ಮತ್ತೆ ಠಾಣೆಗೆ ಹೋಗಬೇಕಾ? ಹೋದರೆ ಯಾವ ಊರಿನದಕ್ಕೆ? ಆ ಮುಚ್ಚಳಿಕೆಗೆ ಏನಾದರೂ ಬೆಲೆ ಇದೆಯಾ? ಅವಳದು ಒಂದೇ ಮಾತು: 'ಜೈಲಿಗೆ ಹಾಕಿಸೋದು ಬೇಡಕ್ಕ, ಹೊಡೆಯೋದು ನಿಂತರೆ ಸಾಕು.'

ಕಪ್ಪುಕೋಟು

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ನಿಮ್ಮ ತಂಗಿಯ ಮಾತಿನಲ್ಲೇ ಅರ್ಧ ಉತ್ತರ ಇದೆ. ಇಲ್ಲಿ ಎರಡು ದಾರಿಗಳಿವೆ. ಜನ ಎರಡನ್ನೂ ಸೇರಿಸಿ 'ಕೇಸ್ ಹಾಕೋದು' ಅಂದುಬಿಡುತ್ತಾರೆ.

ಒಂದು, ಪೊಲೀಸ್ ಕೇಸು. ಹಳೆಯ 498ಎ, ಅಂದರೆ ಗಂಡ ಅಥವಾ ಅವನ ಕಡೆಯವರು ಕ್ರೌರ್ಯ ಎಸಗುವ ಅಪರಾಧ. ಇದು ಐಪಿಸಿಗೆ (ಹಳೆಯ ಭಾರತೀಯ ದಂಡ ಸಂಹಿತೆ) ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಮೂರು ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ. ಇದು ಆದದ್ದಕ್ಕೆ ಶಿಕ್ಷೆ ಕೇಳುವ ದಾರಿ.

ಇನ್ನೊಂದು, ನಾವು 'ಡಿವಿ ಕೇಸು' ಅನ್ನುವುದು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರಲ್ಲಿ 12ನೇ ಕಲಂ ಅಡಿ ಸೀದಾ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಹೊಡೆಯಬಾರದು, ಹತ್ತಿರ ಬರಬಾರದು ಅನ್ನುವ ರಕ್ಷಣಾ ಆದೇಶ, ವಾಸಕ್ಕೆ ಮನೆ, ಖರ್ಚಿಗೆ ಹಣ, ಮಗು ಸದ್ಯಕ್ಕೆ ಯಾರ ಹತ್ತಿರ ಇರಬೇಕು, ಇವನ್ನೆಲ್ಲ ಇಲ್ಲಿ ಕೇಳಬಹುದು. ರಕ್ಷಣಾ ಆದೇಶ ಮುರಿದರೆ ಆಗ ಅದು ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೊಡೆಯೋದು ನಿಲ್ಲಬೇಕು ಅನ್ನುವವರಿಗೆ ಮೊದಲು ಬೇಕಿರುವುದು ಎರಡನೆಯದು. ಆದರೆ ಕುತ್ತಿಗೆ ಹಿಸುಕಿದ್ದು ಅಂದಿರಿ. ಅದನ್ನು ಪೊಲೀಸ್ ದಾಖಲೆಯಿಂದ ಹೊರಗಿಡಬೇಡಿ. ಎರಡೂ ಒಟ್ಟಿಗೆ ನಡೆಯಬಹುದು.

ಊರಿನ ಪ್ರಶ್ನೆ: ಡಿವಿ ಅರ್ಜಿಯನ್ನು ಅವಳು ಈಗ ತಾತ್ಕಾಲಿಕವಾಗಿ ಇರುವ ಜಾಗದ ಕೋರ್ಟಿನಲ್ಲೇ ಹಾಕಬಹುದು. ಗಂಡನ ಮನೆಯಿಂದ ಹೊರಬಿದ್ದು ತವರು ಸೇರಿದವರು 498ಎ ದೂರನ್ನೂ ಅಲ್ಲೇ ಕೊಡಬಹುದು ಅಂತ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ನಮ್ಮ ವ್ಯಾಪ್ತಿಗೆ ಬರಲ್ಲ' ಅಂದರೆ ಈ ಹೆಸರು ಹೇಳಿ.

ಮುಚ್ಚಳಿಕೆಯ ಬೆಲೆ ಅದರಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಂತಿದೆ. ಅದರ ನಕಲು ಮತ್ತು ಅವಳು ಕೊಟ್ಟ ದೂರಿನ ನಕಲು ಎರಡನ್ನೂ ತೆಗೆಸಿ.

ರಿಟೈರ್ಡ್ ದಫೇದಾರ್

ಠಾಣೆಯಲ್ಲೇ ಸರ್ವಿಸ್ ಮುಗಿಸಿದವನು ನಾನು. ಒಳಗಿನ ಮಾತು ಹೇಳುತ್ತೇನೆ, ಯಾರೂ ಸಿಟ್ಟಾಗಬೇಡಿ.

ಹೆಣ್ಣುಮಗಳು ಅಳುತ್ತಾ ಬಂದಾಗ ದೂರು ಬರೆದುಕೊಳ್ಳುವ ರೈಟರ್ ತಲೆಯಲ್ಲಿ ಮೊದಲು ಓಡುವುದು 'ನಾಳೆ ಈಕೆ ವಾಪಸ್ ತಗೊಂಡರೆ?' ಅಂತ. ಎಷ್ಟೋ ಸಲ ಹಾಗೇ ಆಗಿದೆ. ಬಂದೋಬಸ್ತು, ಸಮನ್ಸ್, ಕೋರ್ಟ್ ಡ್ಯೂಟಿ ಅಂತ ಇರುವ ಮೂರು ಮತ್ತೊಂದು ಜನಕ್ಕೆ ಇನ್ನೊಂದು ಫೈಲು ಬೇಡವಾಗಿರುತ್ತದೆ. ಅದಕ್ಕೆ ಅರ್ಜಿ ತೆಗೆದುಕೊಂಡು, ಇಬ್ಬರನ್ನೂ ಕರೆಸಿ, ಬುದ್ಧಿ ಹೇಳಿ, ಹಿಂಬರಹ ಕೊಟ್ಟು ಮುಗಿಸುವುದು ಅಭ್ಯಾಸ. ಕೆಲವು ಸಾಹೇಬರು ಇದನ್ನು ಸಂಸಾರ ಉಳಿಸಿದ ಪುಣ್ಯ ಅಂತಲೇ ತಿಳಿದಿರುತ್ತಾರೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು ಬಂದ ಮೇಲೆ 498ಎ ಅಂದ ಕೂಡಲೇ ಅರೆಸ್ಟ್ ಮಾಡುವ ಹಾಗಿಲ್ಲ. ನೋಟಿಸ್ ಕೊಟ್ಟು ವಿಚಾರಣೆಗೆ ಕರೆಯಬೇಕು. ಅರೆಸ್ಟ್ ಬೇಕು ಅಂದರೆ ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಬೆಳಿಗ್ಗೆ ದೂರು ಕೊಟ್ಟ ಹೆಂಗಸು ಸಾಯಂಕಾಲ ಗಂಡ ಹಾಯಾಗಿ ಓಡಾಡುವುದನ್ನು ನೋಡಿ 'ದುಡ್ಡು ಕೊಟ್ಟು ಬಿಡಿಸಿಕೊಂಡ' ಅಂದುಕೊಳ್ಳುತ್ತಾಳೆ. ಕೆಲವು ಸಲ ನಿಜವೂ ಇರಬಹುದು, ಸುಳ್ಳು ಯಾಕೆ ಹೇಳಲಿ. ಆದರೆ ಹೆಚ್ಚಿನ ಸಲ ಅದು ಬರೀ ನೋಟಿಸು. ಎಫ್‌ಐಆರ್ ಆದ ರಾತ್ರಿ ಆಕೆ ಅದೇ ಮನೆಯಲ್ಲಿ ಮಲಗಬಾರದು. ಇದನ್ನು ಹೇಳುವವರೇ ಇರುವುದಿಲ್ಲ.

ಹೊಳೆದಂಡೆ

ದಫೇದಾರ್ ಸರ್, ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ರಿಟೈರ್ಡ್ ದಫೇದಾರ್

2013ರ ಲಲಿತಾ ಕುಮಾರಿ ತೀರ್ಪು. ಹೌದಮ್ಮ. ಆದರೆ ಗಂಡ ಹೆಂಡತಿ ವ್ಯಾಜ್ಯದಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಅದರಲ್ಲೇ ಇದೆ. ಠಾಣೆಯವರಿಗೆ ಆ ಸಾಲು ಬಾಯಿಪಾಠ. ಹೊಸ ಕಾನೂನಿನ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, 173ನೇ ಕಲಂನಲ್ಲೂ ಮೂರರಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದಲ್ಲಿ ವಿಚಾರಣೆ ಮುಗಿಸಲು ಅವಕಾಶ ಇದೆ. ನೀವು ಕೇಳಬೇಕಾದ್ದು: ಅನುಮತಿ ಎಲ್ಲಿದೆ, 14 ದಿನ ಯಾವತ್ತು ಮುಗಿಯುತ್ತದೆ. ಬರೀ ಕೈಗೆ 'ನೋಡೋಣ ಬಿಡಮ್ಮ' ಅನ್ನುವುದು ವಿಚಾರಣೆ ಅಲ್ಲ. ಆಗಲಿಲ್ಲ ಅಂದರೆ ಎಸ್‌ಪಿಗೆ ಬರೆದು ಕಳಿಸಿ. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್.

ನಾನೂ ಗಂಡಸೇ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. 498ಎ ದುರ್ಬಳಕೆ ಬಗ್ಗೆ ಯಾರೂ ಹೇಳಲ್ಲ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೆಂಡತಿ ಹಾಕಿದ ಕೇಸುಗಳನ್ನು ದೂರಿ ಅತುಲ್ ಸುಭಾಷ್ ಆತ್ಮಹತ್ಯೆ ಮಾಡಿಕೊಂಡದ್ದು ಮರೆತು ಹೋಯಿತಾ? ಅದೇ ತಿಂಗಳು ಸುಪ್ರೀಂ ಕೋರ್ಟ್ ಕೂಡ ತೆಲಂಗಾಣದ ಒಂದು ಕೇಸಿನಲ್ಲಿ, ಗಂಡನ ಕಡೆಯವರನ್ನೆಲ್ಲ ಸುಮ್ಮನೆ ಎಳೆದು ತರುವುದು ಸರಿಯಲ್ಲ ಅಂತ ಹೇಳಿದೆ. ನನ್ನ ಸ್ನೇಹಿತನ ಎಪ್ಪತ್ತು ದಾಟಿದ ತಾಯಿ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಕೇಸ್ ಕೊನೆಗೆ ಖುಲಾಸೆ. ಇದಕ್ಕೇನು ಹೇಳುತ್ತೀರಿ?

ಕೋರ್ಟು ನೋಡಿದವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಖುಲಾಸೆ ಅನ್ನುವ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಗಂಡನೂ ಖುಲಾಸೆ ಆದ. ಯಾಕೆ ಅಂತ ಹೇಳುತ್ತೇನೆ.

ನನ್ನ ಕೇಸು ವರ್ಷಗಟ್ಟಲೆ ನಡೆಯಿತು. ದೋಷಾರೋಪ ಪಟ್ಟಿ ಬರುವ ಹೊತ್ತಿಗೆ ದೂರು ಬರೆದುಕೊಂಡವರು ವರ್ಗ ಆಗಿದ್ದರು. ವಾಯಿದೆ, ಮತ್ತೆ ವಾಯಿದೆ. ನಾನು ಕೆಲಸಕ್ಕೆ ರಜೆ ಹಾಕಿ ಹೋಗುವುದು, ಆ ಕಡೆ ವಕೀಲರು ಬಂದಿಲ್ಲ ಅಂತ ಬೆಂಚ್ ಕ್ಲರ್ಕ್ ಮುಂದಿನ ಡೇಟ್ ಕೂಗುವುದು. ಕಾರಿಡಾರಿನಲ್ಲಿ ಇರುವುದೇ ಒಂದು ಬೆಂಚು. ಅದರ ಆ ತುದಿಯಲ್ಲಿ ಅವನು, ಅವನ ಅಣ್ಣ, ಅವನ ಮಾವ. ಈ ತುದಿಯಲ್ಲಿ ನಾನು. ಹೊಡೆತಕ್ಕಿಂತ ಆ ಬೆಂಚು ನನಗೆ ಜಾಸ್ತಿ ನೆನಪಿದೆ.

ಪಾಟೀ ಸವಾಲಿನ ದಿನ ಅವನ ವಕೀಲರು ನನ್ನ ದೂರನ್ನು ಕೈಯಲ್ಲಿ ಹಿಡಿದು ಕೇಳಿದರು. 'ಬೆಲ್ಟಿನಿಂದ ಹೊಡೆದ ಅಂತ ಈಗ ಹೇಳುತ್ತೀರಿ. ದೂರಿನಲ್ಲಿ ಬೆಲ್ಟ್ ಎಲ್ಲಿದೆ, ತೋರಿಸಿ.' ನಾನು ಠಾಣೆಯಲ್ಲಿ ಹೇಳಿದ್ದೆ. ಬರೆದವರು ಬರೆದಿರಲಿಲ್ಲ. 'ಕೈಗಳಿಂದ ಹೊಡೆದು, ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿ' ಅಂತ ಇತ್ತು. ಆಮೇಲೆ ತಿಳಿಯಿತು, ಎಲ್ಲ ಹೆಂಗಸರ ದೂರಿನಲ್ಲೂ ಅದೇ ಸಾಲು. ಐಪಿಸಿಯ 323, 504, 506ನೇ ಕಲಂಗಳಿಗೆ ಹೊಂದುವ ಹಾಗೆ ಅಚ್ಚು ಹಾಕಿಟ್ಟ ಸಾಲು. ಆಸ್ಪತ್ರೆ ಚೀಟಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಇತ್ತು. ಡಾಕ್ಟರ್ ಕೇಳುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು, ಇನ್ನೇನು ಹೇಳಲಿ? ಅದೂ ಕೋರ್ಟಿಗೆ ಬಂತು.

ಅಷ್ಟರಲ್ಲಿ ರಾಜಿ ಮಾತು ಶುರುವಾಯಿತು. ಮಗಳ ಹೆಸರಿಗೆ ಇಷ್ಟು ಹಣ ಇಡುತ್ತೇವೆ, ಒಡವೆ ಕೊಡುತ್ತೇವೆ, ವಿಚ್ಛೇದನಕ್ಕೆ ಒಪ್ಪುತ್ತೇವೆ, 'ನೀನು ಮಾತ್ರ ಆ ಕೇಸಿನಲ್ಲಿ ಗಟ್ಟಿ ನಿಲ್ಲಬೇಡ.' ನನಗೆ ಬಾಡಿಗೆ ಕಟ್ಟಬೇಕಿತ್ತು. ಒಪ್ಪಿಕೊಂಡೆ. ಸಾಕ್ಷಿ ಕಟ್ಟೆಯಲ್ಲಿ ನಿಂತು 'ನೆನಪಿಲ್ಲ' ಅಂದೆ. ಕಾಗದದಲ್ಲಿ ನಾನು ಪ್ರತಿಕೂಲ ಸಾಕ್ಷಿ. ಅವನು ಖುಲಾಸೆ. ಲೆಕ್ಕ ಇಡುವವರ ಪುಸ್ತಕದಲ್ಲಿ ನನ್ನದೂ ಸಾಬೀತಾಗದ ಕೇಸುಗಳಲ್ಲಿ ಒಂದು. ತಮ್ಮಾ, ನಿಮ್ಮ ಸ್ನೇಹಿತನ ತಾಯಿಗೆ ಆದದ್ದು ತಪ್ಪೇ. ಆದರೆ ಖುಲಾಸೆ ಆಯಿತು ಅಂದರೆ ಸುಳ್ಳು ಕೇಸು ಅಂತ ಅರ್ಥ ಮಾಡಬೇಡಿ.

ಕಪ್ಪುಕೋಟು

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. 'ನಾನೂ ಗಂಡಸೇ' ಅವರಿಗೂ ಒಂದು ಮಾತು. ಅತ್ತೆ, ಮಾವ, ನಾದಿನಿ, ದುಬೈನಲ್ಲಿರುವ ಮೈದುನ, ಎಲ್ಲರ ಹೆಸರನ್ನೂ ದೂರಿನಲ್ಲಿ ತುರುಕುವುದು ಬಹಳ ಸಲ ಆಕೆಯ ಐಡಿಯಾ ಅಲ್ಲ. ನಮ್ಮ ವಕೀಲರದ್ದೇ. ಒತ್ತಡ ಹಾಕಿದರೆ ಬೇಗ ಸೆಟಲ್ ಆಗುತ್ತದೆ ಅನ್ನುವ ಲೆಕ್ಕ. ಹೈಕೋರ್ಟ್ ಅವರ ಮೇಲಿನ ಕೇಸು ರದ್ದು ಮಾಡುತ್ತದೆ. ಆಮೇಲೆ ಉಳಿದ ದೂರಿನ ಮೇಲೂ ಅನುಮಾನದ ನೆರಳು. ಅಂಥ ಡ್ರಾಫ್ಟಿಂಗ್‌ನಿಂದ ಮೊದಲು ಸೋಲುವವಳು ನಿಜವಾಗಿ ಏಟು ತಿಂದವಳು.

ಇನ್ನು ದುರ್ಬಳಕೆಯೇ ಜಾಸ್ತಿ ಅನ್ನುವವರಿಗೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ನೋಡಿ. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡೆವು ಅಂದವರು 2015-16ರಲ್ಲಿ ಶೇ. 20.6. 2019-21ರಲ್ಲಿ ಶೇ. 44.4. ದೊಡ್ಡ ರಾಜ್ಯಗಳಲ್ಲೆಲ್ಲ ನಮ್ಮದೇ ಮುಂದೆ. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಅದರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ಠಾಣೆಗಲ್ಲ.

ನಾನೂ ಗಂಡಸೇ

ವಕೀಲರ ವಿಷಯ ಒಪ್ಪುತ್ತೇನೆ. ನನ್ನ ಸ್ನೇಹಿತನ ಕೇಸಿನಲ್ಲೂ ಹಾಗೇ ಇತ್ತು. ಮಿಕ್ಕದ್ದಕ್ಕೆ ಇನ್ನೂ ನನ್ನ ತಕರಾರಿದೆ, ಆದರೆ ಇದು ಆ ತಂಗಿಯ ವಿಷಯ. ನಿಲ್ಲಿಸುತ್ತೇನೆ.

ಹೊಳೆದಂಡೆ

ದೂರಿನ ನಕಲು ಸಿಕ್ಕಿತು. 'ಕೌಟುಂಬಿಕ ವಿಚಾರವಾಗಿ ಕ್ಷುಲ್ಲಕ ಕಾರಣಕ್ಕೆ ಬಾಯಿ ಮಾತಿನ ಗಲಾಟೆ ಮಾಡಿಕೊಂಡು...' ಅಂತ ಶುರುವಾಗುತ್ತದೆ. ಕುತ್ತಿಗೆಯ ವಿಷಯವೇ ಇಲ್ಲ. ಕೆಳಗೆ ಅವಳ ಸಹಿ. 'ಓದಿ ನೋಡಲಿಲ್ವಾ' ಅಂತ ಕೇಳಿದೆ. 'ಮಗು ಅಳ್ತಿತ್ತಕ್ಕ, ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದರು, ಹಾಕಿದೆ' ಅಂದಳು. ಈಗ ಎಲ್ಲ ಮುಗಿಯಿತಾ?

ಕಪ್ಪುಕೋಟು

ಮುಗಿದಿಲ್ಲ. ಹೀಗೆ ಮಾಡಿ.

ಹೊಸ ದೂರನ್ನು ಅವಳೇ ತನ್ನ ಕೈಯಲ್ಲಿ, ತನ್ನ ಮಾತಿನಲ್ಲಿ ಮನೆಯಲ್ಲೇ ಕೂತು ಬರೆಯಲಿ. ಕಾನೂನಿನ ಭಾಷೆ ಬೇಡ. ಯಾವ ಕೈಯಿಂದ ಹಿಡಿದ, ಎಷ್ಟು ಹೊತ್ತು, ಉಸಿರು ಕಟ್ಟಿತಾ, ಕಣ್ಣು ಕತ್ತಲೆ ಬಂತಾ, ದನಿ ಬದಲಾಯಿತಾ, ಆಮೇಲೆ ನುಂಗಲು ಆಯಿತಾ, ಮಗು ಎಲ್ಲಿತ್ತು, ಯಾರು ಓಡಿ ಬಂದರು. ನಡೆದದ್ದಷ್ಟೇ. ಒಂದು ಸಾಲೂ ಜಾಸ್ತಿ ಬೇಡ. ಮೊದಲ ದೂರಿನ ದಿನಾಂಕ ಹೇಳಿ, ಅಲ್ಲಿ ಇದನ್ನು ಬಾಯಲ್ಲಿ ಹೇಳಿದ್ದೆ, ಬರೆದಿರಲಿಲ್ಲ, ಓದಿ ಹೇಳದೆ ಸಹಿ ಹಾಕಿಸಿಕೊಂಡರು ಅಂತಲೂ ಬರೆಯಲಿ. ಪಾಟೀ ಸವಾಲಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕಾಗದದ ಮೇಲೆ ಮೊದಲೇ ಇರಲಿ. ಮುಚ್ಚಳಿಕೆಯನ್ನೂ ಲಗತ್ತಿಸಿ. 'ಇನ್ನು ಮುಂದೆ ಹೊಡೆಯುವುದಿಲ್ಲ' ಅಂತ ಅವನ ಕೈಬರಹ ಇದ್ದರೆ ಅದು ನಿಮ್ಮ ಕಡೆಯ ಕಾಗದ. ಆ ಕಡೆಯವರು 'ರಾಜಿಯಾಗಿದ್ದಾಳೆ' ಅಂತ ತೋರಿಸುವ ಮೊದಲು ನೀವೇ ತೋರಿಸಿ.

ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುರುತು ಮಾಯವಾಗಿದ್ದರೂ ಪರವಾಗಿಲ್ಲ. ಕುತ್ತಿಗೆ ಹಿಸುಕಿದ ಪೆಟ್ಟು ಹೊರಗೆ ಕಾಣದೆಯೂ ಒಳಗೆ ಇರುತ್ತದೆ. ಡಾಕ್ಟರ ಹತ್ತಿರ ಅವಳು ಒಬ್ಬಳೇ ಮಾತಾಡಲಿ, ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆ, ಮಾಡಿ ಅಂತ ಕೇಳಲಿ.

ಫೋಟೋ, ವಾಟ್ಸಾಪ್ ವಾಯ್ಸ್ ಮೆಸೇಜ್ ಇದ್ದರೆ ಆ ಫೋನನ್ನೇ ಇಟ್ಟುಕೊಳ್ಳಿ. ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ.

ಎಫ್‌ಐಆರ್ ಆದರೆ ನಕಲು ಉಚಿತ, ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಹೊಸ ಕಾನೂನಿನಲ್ಲಿದೆ. ತಾವಾಗಿ ತಿಳಿಸುವವರು ಕಡಿಮೆ. ನೀವೇ ಬರೆದು ಕೇಳಿ.

ಎಡಿಸನ್ ಕನ್ನಡತಿ

ನಾನು ಅಮೆರಿಕದ ನ್ಯೂಜೆರ್ಸಿಯಿಂದ. ಇಲ್ಲಿಯೂ ಕನ್ನಡದ ಮನೆಗಳಲ್ಲಿ ಇದೇ ನಡೆಯುತ್ತದೆ, ಸಂಕ್ರಾಂತಿ ಕಾರ್ಯಕ್ರಮದ ಫೋಟೋದಲ್ಲಿ ಕಾಣುವುದಿಲ್ಲ ಅಷ್ಟೆ. ಇಲ್ಲಿ ಪೊಲೀಸರು ಬಂದಾಗ ಗಾಯದ ಗುರುತು ಕಂಡರೆ ಅರೆಸ್ಟ್ ಮಾಡಲೇಬೇಕು. ತಾತ್ಕಾಲಿಕ ತಡೆ ಆದೇಶ ಆವತ್ತೇ ಸಿಗಬಹುದು. ಅಂತಿಮ ವಿಚಾರಣೆ ಸಾಮಾನ್ಯವಾಗಿ 10 ದಿನದೊಳಗೆ. ಕೇಳಲು ಚೆಂದ. ಆದರೆ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ, ಬಂದವಳಿಗೆ ಅವನ ಅರೆಸ್ಟೇ ದೊಡ್ಡ ಭಯ. ಅವನ ಕೆಲಸ ಹೋದರೆ ಅವಳ ವೀಸಾವೂ ಹೋಗುತ್ತದೆ. ಅದಕ್ಕೆ ಇಲ್ಲಿನ ತುರ್ತು ನಂಬರ್ 911 ಒತ್ತದೆ ಊರಿಗೆ ಫೋನ್ ಮಾಡುತ್ತಾರೆ, ಊರಿನವರು 'ಹೊಂದಿಕೊಂಡು ಹೋಗು' ಅನ್ನುತ್ತಾರೆ. ಈ ಕಡೆ ಯಾರಾದರೂ ಓದುತ್ತಿದ್ದರೆ: ಮಾನವಿ ಅನ್ನುವ ಸಂಸ್ಥೆ 1985ರಿಂದ ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಕೆಲಸ ಮಾಡುತ್ತಿದೆ. ಕೋರ್ಟಿನಲ್ಲಿ ದುಭಾಷಿ ಕೇಳುವುದು ನಿಮ್ಮ ಹಕ್ಕು. ಗಂಡನ ಕಸಿನ್ ಬಂದು 'ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ' ಅಂದರೆ ಬೇಡ ಅನ್ನಿ.

ಅಂಗನವಾಡಿ ಅಕ್ಕ

ಇಷ್ಟು ಮಾತಾಡಿದರೂ ಸಿಡಿಪಿಓ, ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಹೆಸರು ಯಾರೂ ಎತ್ತಲಿಲ್ಲ. ನಮ್ಮ ರಾಜ್ಯದಲ್ಲಿ ಡಿವಿ ಕಾಯ್ದೆಯ ರಕ್ಷಣಾಧಿಕಾರಿ ಅವರೇ. ಅವರ ಹತ್ತಿರ ಹೋದರೆ ಡಿಐಆರ್, ಅಂದರೆ ಕೌಟುಂಬಿಕ ಘಟನಾ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ವಕೀಲರೂ ಬೇಕಾಗಿಲ್ಲ.

ಕಷ್ಟ ಏನಂದರೆ ಅದು ಅವರಿಗೆ ಹೆಚ್ಚುವರಿ ಕೆಲಸ. ತಾಲ್ಲೂಕಿನ ಅಂಗನವಾಡಿಗಳೆಲ್ಲ ಅವರ ತಲೆ ಮೇಲೆ. ಪೋಷಣ್ ಮೀಟಿಂಗ್, ಮೊಟ್ಟೆ ಲೆಕ್ಕ, ಗೃಹಲಕ್ಷ್ಮಿ ಅರ್ಜಿ, ಇದರ ನಡುವೆ ಏಟು ತಿಂದವಳು ಬಂದು ಕೂರುತ್ತಾಳೆ. 'ಮೇಡಂ ಫೀಲ್ಡಿಗೆ ಹೋಗಿದ್ದಾರೆ' ಅಂತ ಗುಮಾಸ್ತರು ಕಳಿಸುತ್ತಾರೆ. ನೋಟಿಸನ್ನು ಎರಡು ದಿನದೊಳಗೆ ತಲುಪಿಸಬೇಕು ಅಂತ ಕಾಯ್ದೆಯಲ್ಲಿದೆ. ಅವರಿಗೆ ಗಾಡಿಯೇ ಇರುವುದಿಲ್ಲ. ತಾಲ್ಲೂಕು ಮಟ್ಟದವರೆಗೂ ರಕ್ಷಣಾಧಿಕಾರಿಗಳನ್ನು ನೇಮಿಸಿ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಇದೇ ಮೇಡಂಗೆ ಇನ್ನೊಂದು ಬೋರ್ಡ್ ಬರೆಸಿಕೊಟ್ಟರೆ ಏನೂ ಬದಲಾಗಲ್ಲ ಅನ್ನುವುದು ನನ್ನ ಅನಿಸಿಕೆ.

ಹೋಗುವ ಮೊದಲು ಫೋನ್ ಮಾಡಿ ಹೋಗಿ. ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ ಅಥವಾ ಜಿಲ್ಲೆಯ ಸಖಿ ಕೇಂದ್ರದವರನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ನಂಬರ್ ಕೊಡುತ್ತಾರೆ. ತುರ್ತು ಅಂದರೆ 112.

ಕಪ್ಪುಕೋಟು

ಅಕ್ಕ ಹೇಳಿದ್ದು ಸರಿ. ಆದರೆ ಡಿಐಆರ್ ಬರಲಿಲ್ಲ ಅಂತ ಕಾಯಬೇಡಿ. ಅದು ಇಲ್ಲದೆಯೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಅಂತ 2022ರಲ್ಲಿ ಪ್ರಭಾ ತ್ಯಾಗಿ ಕೇಸಿನಲ್ಲಿ ತೀರ್ಮಾನ ಆಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಹಾಯವಾಣಿ 15100.

ಮೊದಲ ವಿಚಾರಣೆ ಮೂರು ದಿನದಲ್ಲಿ, ಅರ್ಜಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅರವತ್ತು ದಿನದಲ್ಲಿ ಮುಗಿದದ್ದನ್ನು ನಾನು ನೋಡಿಲ್ಲ. ಅದಕ್ಕೇ ಮೊದಲ ದಿನವೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಿ. ಪ್ರಮಾಣಪತ್ರದ ಮೇಲೆ, ಆ ಕಡೆಯವರು ಬರುವ ಮೊದಲೇ ಕೊಡಲು ಅವಕಾಶ ಇದೆ. ಬೆಂಗಳೂರಿನಲ್ಲಿ ಇಂಥ ಎಷ್ಟೋ ಅರ್ಜಿ ನಡೆಯುವುದು ಹೆಸರಿಗೆ ಟ್ರಾಫಿಕ್ ಕೋರ್ಟು ಆಗಿರುವ ಕೋರ್ಟುಗಳಲ್ಲಿ. ಬೋರ್ಡ್ ನೋಡಿ ವಾಪಸ್ ಬಂದವರಿದ್ದಾರೆ, ಅದಕ್ಕೆ ಹೇಳಿದೆ.

ಕೋರ್ಟು ನೋಡಿದವಳು

ಹಣದ ಆದೇಶ ಆದ ತಕ್ಷಣ ಹಣ ಬರುತ್ತದೆ ಅಂದುಕೊಳ್ಳಬೇಡಿ. ನನಗೆ ಆದೇಶ ಸಿಕ್ಕಿತು, ದುಡ್ಡು ಬರಲಿಲ್ಲ. ಬಾಕಿಗೆ ಬೇರೆ ಅರ್ಜಿ, ಆಮೇಲೆ ಎಫ್‌ಎಲ್‌ಡಬ್ಲ್ಯೂ, ಅಂದರೆ ಬಾಕಿ ಹಣ ವಸೂಲಿಯ ವಾರಂಟು. ಅದನ್ನು ಜಾರಿ ಮಾಡಬೇಕಾದವರು ಅದೇ ಠಾಣೆಯವರು. 'ಮನೆಯಲ್ಲಿ ಸಿಗಲಿಲ್ಲ' ಅಂತ ವಾಪಸ್ ಬರುತ್ತಿತ್ತು. ಅವನು ಅದೇ ಬೀದಿಯಲ್ಲಿ ಅಂಗಡಿ ಇಟ್ಟಿದ್ದ. ಅರ್ಜಿಯಲ್ಲಿ ಮನೆಯ ವಿಳಾಸದ ಜೊತೆ ಅವನು ಹಗಲು ಇರುವ ಜಾಗದ ವಿಳಾಸವನ್ನೂ ಬರೆಸಿ.

ಇನ್ನೊಂದು. ವಿಚಾರಣೆ ಎಲ್ಲರ ಮುಂದೆ ಬೇಡ ಅಂತ ಕೇಳಬಹುದು, ಡಿವಿ ಕಾಯ್ದೆಯ 16ನೇ ಕಲಂ. ನನಗೆ ಯಾರೂ ಹೇಳಿರಲಿಲ್ಲ.

ಹೊಳೆದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸ್ಪತ್ರೆಗೆ ಹೋಗಿ ಬಂದೆವು, ಎಂಎಲ್‌ಸಿ ಆಯಿತು. ಇವತ್ತು ಅವಳು ಬರೆಯಲು ಕೂತಿದ್ದಾಳೆ. ಮೂರು ಪುಟ ಆಗಿದೆ, ಇನ್ನೂ ಮದುವೆಯ ಮೊದಲ ವರ್ಷದಲ್ಲೇ ಇದ್ದಾಳೆ. ಪರವಾಗಿಲ್ವಾ?

ಮತ್ತೆ ಒಂದು ಪ್ರಶ್ನೆ. ಅವರದು ಬಾಡಿಗೆ ಮನೆ. ಅಗ್ರಿಮೆಂಟ್ ಅವನ ಹೆಸರಲ್ಲಿದೆ, ಅಡ್ವಾನ್ಸ್ ಕೊಟ್ಟದ್ದು ನಮ್ಮ ಚಿಕ್ಕಪ್ಪ. ಅವಳ ಒಡವೆ, ಮಗುವಿನ ಬಟ್ಟೆ, ಅವಳ ಮಾರ್ಕ್ಸ್ ಕಾರ್ಡ್ ಎಲ್ಲ ಅಲ್ಲೇ ಇವೆ. ಬಾಡಿಗೆ ಮನೆಗೂ ಹಕ್ಕು ಇರುತ್ತದಾ?

ಕಪ್ಪುಕೋಟು

ಬರೆಯಲಿ ಬಿಡಿ. ಮೊದಲು ಎಲ್ಲ ಬರಲಿ. ಠಾಣೆಗೆ ಕೊಡುವ ಪ್ರತಿಯಲ್ಲಿ ಕುತ್ತಿಗೆಯ ಘಟನೆ ಮೊದಲ ಪುಟದಲ್ಲೇ ಇರಲಿ, ಹಳೆಯದು ಆಮೇಲೆ. ಉಳಿದದ್ದು ಡಿವಿ ಅರ್ಜಿಗೆ ಬೇಕಾಗುತ್ತದೆ.

ಬಾಡಿಗೆ ಮನೆಗೂ ಹಕ್ಕಿದೆ. ಕೂಡಿ ಬಾಳಿದ ಮನೆ ಆದರೆ ಸಾಕು, ಅಗ್ರಿಮೆಂಟ್ ಯಾರ ಹೆಸರಲ್ಲಿದೆ ಅನ್ನುವುದು ಮುಖ್ಯವಲ್ಲ. ಅಲ್ಲಿಗೆ ಹೋಗಲು ಭಯ ಅಂದರೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕೊಡು ಅಂತ ಡಿವಿ ಕಾಯ್ದೆಯ 19ನೇ ಕಲಂನಲ್ಲಿ ಕೇಳಬಹುದು. ಒಡವೆ, ಸರ್ಟಿಫಿಕೇಟ್‌ಗಳನ್ನು ವಾಪಸ್ ಕೊಡಿಸುವುದೂ ಅದರಲ್ಲೇ ಇದೆ. ಪೊಲೀಸರ ಸಹಾಯ ಕೊಡಿ ಅಂತಲೂ ಸೇರಿಸಿ, ಸಾಮಾನು ತರಲು ಒಬ್ಬರೇ ಹೋಗಬೇಡಿ. ಪಟ್ಟಿ ಮಾಡುವಾಗ ಮಗುವಿನ ಲಸಿಕೆ ಕಾರ್ಡ್ ಮರೆಯಬೇಡಿ. ಚಿಕ್ಕಪ್ಪ ಅಡ್ವಾನ್ಸ್ ಹಣವನ್ನು ಬ್ಯಾಂಕಿನಿಂದ ಕೊಟ್ಟಿದ್ದರೆ ಆ ಸ್ಟೇಟ್‌ಮೆಂಟ್ ತೆಗೆಸಿಡಲಿ.